ಗ್ರಾಮಸಭೆಯೂ ಗಣಕಯಂತ್ರವೂ



ಹಿಂದೆ ನಮ್ಮ ರೈತನು ತನ್ನ ಹೊಲದ ಪಹಣಿಗಾಗಿ ಗ್ರಾಮಲೆಕ್ಕಿಗನ ಬಾಗಿಲನ್ನು ಕಾಯಬೇಕಾಗಿದ್ದಿತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ಬಂದು, ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. 2011ರ ಸಕಾಲ ಕಾಯಿದೆಯು ಸರಕಾರದ ಸೇವೆಗಳಿಗೆ ಇಂತಿಷ್ಟೇ ದಿನಗಳೆಂದು ಗಡುವಿಟ್ಟು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರವನ್ನೂ ವಿಧಿಸಿತು. ಇದು ಅಲ್ಪವಾದ ಉಪಕಾರವಲ್ಲ.

ಆದರೆ ಯಂತ್ರವು ಬರೆದುದನ್ನೇ ಓದುವದು. ಹಳೆಯ ಕಡತದ ತಪ್ಪು ಅದರಲ್ಲಿಯೂ ತಪ್ಪಾಗಿಯೇ ನಿಲ್ಲುವದು. ಯಾವ ಓಣಿಗೆ ನೀರಿಲ್ಲ, ಯಾವ ವೃದ್ಧೆಗೆ ಸೂರಿಲ್ಲ ಎಂಬದನ್ನು ನೆರೆಯವರು ಬಲ್ಲರು, ಯಂತ್ರವರಿಯದು. ಆದುದರಿಂದಲೇ ಕರ್ನಾಟಕದ 1993ರ ಪಂಚಾಯತ ರಾಜ್ಯ ಕಾಯಿದೆಯಲ್ಲಿ ಗ್ರಾಮಸಭೆಗೆ ಸ್ಥಾನವುಂಟು. ಆರು ತಿಂಗಳಿಗೊಮ್ಮೆಯಾದರೂ ಅದು ಕೂಡತಕ್ಕದ್ದು. ಮನೆ ಪಡೆಯತಕ್ಕವರನ್ನು ಆರಿಸುವ, ಪಂಚಾಯತಿಯ ಲೆಕ್ಕವನ್ನು ಕೇಳುವ ಅಧಿಕಾರವು ಅಲ್ಲಿ ಊರವರದೇ.

ಕಾಗದವು ಕ್ಷಣದಲ್ಲಿ ಕೈಸೇರುವದೆಂದು ಸಭೆಯನ್ನು ಬಿಟ್ಟೆವಾದರೆ, ನಾವು ಬೇಡುವವರಾಗಿ ಉಳಿವೆವಲ್ಲದೆ ಆಳುವವರಾಗಲಾರೆವು. ಕೆಲವರೇ ಕೂಡಿ ಒಪ್ಪಿದ ಪಟ್ಟಿಯೂ ಊರಿನ ಪಟ್ಟಿಯೆಂದೇ ದಾಖಲಾಗುವದು. ಅದರಲ್ಲಿ ಬಿಟ್ಟುಹೋದ ಬಡವನ ಹೆಸರನ್ನು ಯಾವ ಯಂತ್ರವೂ ತಾನಾಗಿ ಹುಡುಕಿ ತರಲಾರದು.

ದಾಸೋಹದ ಪಂಕ್ತಿಯಲ್ಲಿ ಯಾರು ಉಣ್ಣದೆ ಉಳಿದರೆಂದು ನೋಡುವ ಕಣ್ಣು ತಮ್ಮದು. ಆ ಕಣ್ಣನ್ನು ಮುಂದಿನ ಗ್ರಾಮಸಭೆಗೂ ತನ್ನಿರೆಂದು ಪ್ರಾರ್ಥಿಸಿ ವಿರಮಿಸುವೆನು.