ಸನ್ನದು ಮತ್ತು ರುಜು



ರಾಜಾಜಿನಗರದ ನಮ್ಮ ಮನೆಯ ಗೋಡೆಯ ಮೇಲೆ ನನ್ನ ಹೆಸರಿನ ಹಲಗೆ ಇನ್ನೂ ಇದೆ. ಬಣ್ಣ ಮಾಸಿದ್ದರೂ ಹೆಸರಿಗೆ ಅಂಟಿಕೊಂಡ ‘ಸಿ.ಎ.’ ಎಂಬ ಎರಡು ಅಕ್ಷರಗಳು ಮಾತ್ರ ದಾರಿಹೋಕರ ಕಣ್ಣಿಗೆ ಬೀಳುತ್ತವೆ. ಅವನ್ನು ನೋಡಿಯೇ ಇರಬೇಕು, ಈಚೆಗೆ ಬಸವೇಶ್ವರನಗರದ ಗೃಹಸ್ಥರೊಬ್ಬರು ಮಗಳನ್ನು ಕರೆದುಕೊಂಡು ಒಳಗೆ ಬಂದರು. “ಹನ್ನೆರಡನೆಯ ತರಗತಿ ಮುಗಿಸಿದಾಳೆ ಸಾರ್. ಸಿ.ಎ. ಆಗಬೇಕಂತೆ. ಎಷ್ಟು ವರ್ಷ, ಎಷ್ಟು ಪರೀಕ್ಷೆ, ನೀವೇ ಹೇಳಿಬಿಡಿ” ಎಂದರು.

ಹೇಳುವುದು ಕಷ್ಟವಲ್ಲ. ಮೊದಲು ಫೌಂಡೇಶನ್, ಅದಕ್ಕೆ ನಾಲ್ಕು ಪತ್ರಿಕೆಗಳು. ಆಮೇಲೆ ಇಂಟರ್‌ಮೀಡಿಯೆಟ್, ಕಡೆಗೆ ಫೈನಲ್. ಒಂದೊಂದಕ್ಕೂ ಎರಡೆರಡು ಗುಂಪು, ಆರಾರು ಪತ್ರಿಕೆ. ಪ್ರತಿ ಪತ್ರಿಕೆಯಲ್ಲಿ ನೂರಕ್ಕೆ 40 ಬಂದರೆ ಸಾಲದು, ಒಟ್ಟಿನಲ್ಲಿ ಶೇಕಡ 50 ಮುಟ್ಟಬೇಕು. ಶೇಕಡ 55 ಅಂಕ ಪಡೆದ ವಾಣಿಜ್ಯ ಪದವೀಧರರಿಗೆ ಫೌಂಡೇಶನ್ ಬೇಕಿಲ್ಲ. ಇಂಟರ್‌ಮೀಡಿಯೆಟ್ಟಿಗೂ ಫೈನಲ್ಲಿಗೂ ನಡುವೆ, ವೃತ್ತಿಯಲ್ಲಿರುವ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ಆರ್ಟಿಕಲ್‌ಶಿಪ್ ಎಂಬ ಶಿಷ್ಯವೃತ್ತಿ. ಪದವೀಧರನಾಗಿ ಸೇರಿದ ನನಗೆ ಅದು ಮೂರು ವರ್ಷವಾಗಿತ್ತು. 2023ರ ಹೊಸ ವ್ಯವಸ್ಥೆಯಲ್ಲಿ ಎರಡು ವರ್ಷ. ಇಷ್ಟಾದ ಮೇಲೆ ಸಂಸ್ಥೆಯ ಸದಸ್ಯತ್ವ. ಸ್ವಂತ ಕಚೇರಿ ತೆರೆಯಬೇಕೆಂದರೆ ವೃತ್ತಿ ನಡೆಸುವ ಪ್ರಮಾಣಪತ್ರ ಬೇರೆ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಅದೇ ಸನ್ನದು.

ಗೃಹಸ್ಥರು ಬೆರಳು ಮಡಿಸಿ ವರ್ಷಗಳನ್ನು ಎಣಿಸಿಕೊಂಡು ಎದ್ದರು. ನಾನು ಹೇಳದೆ ಉಳಿಸಿದ್ದೊಂದಿತ್ತು. ಅದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ತಾತ ಮಾಗಡಿ ಕಡೆಯ ರೈತರು. ತಮ್ಮ ಹೊಲದ ಕಂದಾಯ ಎಷ್ಟು, ಬಾಕಿ ಎಷ್ಟು ಎಂದು ತಿಳಿಯಲು ಶಾನುಭೋಗರ ಮನೆಯ ಜಗಲಿಯ ಕೆಳಗೆ ನಿಲ್ಲಬೇಕಾಗಿತ್ತು. ಲೆಕ್ಕವೆಂಬುದು ಅಂದು ತಂದೆಯಿಂದ ಮಗನಿಗೆ ಬರುವ ಸೊತ್ತು. ಆ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ಮೈಸೂರು ರಾಜ್ಯದಲ್ಲಿ ತೆಗೆದುಹಾಕಿದ್ದು 1961ರ ಕಾಯಿದೆ. ಅದಕ್ಕೂ ಹನ್ನೆರಡು ವರ್ಷ ಮೊದಲೇ, 1949ರ ಜುಲೈ 1ರಂದು, ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹುಟ್ಟಿತ್ತು. ನೀನು ಯಾರ ಮಗ ಎಂದು ಅದು ಕೇಳಲಿಲ್ಲ. ಯಾರ ಮಗಳು ಎಂದೂ ಕೇಳಲಿಲ್ಲ. ಮದ್ರಾಸಿನ ಆರ್. ಶಿವಭೋಗಂ ಅವರು 1930ರ ದಶಕದಲ್ಲಿಯೇ ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕರಾಗಿದ್ದರು. ಆ ಬಾಗಿಲಿನಿಂದಲೇ ರೈತನ ಮೊಮ್ಮಗನಾದ ನಾನೂ ಒಳಗೆ ಬಂದೆ. ಬಾಗಿಲು ದಾಟಿದ ಮಾತ್ರಕ್ಕೆ ಯೋಗ್ಯತೆ ಬರುವುದಿಲ್ಲವೆಂದು ತಿಳಿದದ್ದು ಆಮೇಲೆ.

1979ರ ಬೇಸಗೆ. ರಾಜಾಜಿನಗರದ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದಕ್ಕೆ ದಾಸ್ತಾನು ಪರೀಕ್ಷಿಸಲು ನನ್ನನ್ನು ಕಳಿಸಿದರು. ಹಿತ್ತಾಳೆಯ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆ. ನಮ್ಮ ತಂದೆ ಅಲ್ಲಿ ಲೇತ್ ಯಂತ್ರದ ಮುಂದೆ ಹದಿನೈದು ವರ್ಷ ದುಡಿದಿದ್ದರು. ನನ್ನ ಕಾಲೇಜಿನ ಫೀಜು ಕಟ್ಟಿದವರು ಅದರ ಯಜಮಾನರೇ. ಈ ಸಂಬಂಧವನ್ನು ನಾನು ಕಚೇರಿಯಲ್ಲಿ ಮೊದಲೇ ಹೇಳಬೇಕಾಗಿತ್ತು, ಹೇಳಿರಲಿಲ್ಲ.

“ತಮ್ಮಾ, ನೀನು ನಮ್ಮ ಹುಡುಗ. ಈ ಬಿಸಿಲಲ್ಲಿ ಸರಳು ತೂಗ್ತಾ ಕೂರಬೇಡ. ಎಲ್ಲಾ ಬರೆದಿಟ್ಟಿದೆ, ಕಾಫಿ ಕುಡಿ” ಎಂದರು ಯಜಮಾನರು. ನಾನು ಕಾಫಿ ಕುಡಿದೆ. ಪಟ್ಟಿಯ ಉದ್ದಕ್ಕೂ ಹಸಿರು ಪೆನ್ಸಿಲಿನಿಂದ ಗುರುತು ಹಾಕಿದೆ.

ಮರುದಿನ ನಮ್ಮ ಹಿರಿಯರು ಪಟ್ಟಿಯನ್ನು ನೋಡಿ, “ತೂಗಿ ನೋಡಿದೆಯೇನಯ್ಯ?” ಎಂದರು.

“ನೋಡಿದೆ, ಸಾರ್.”

“ತಕ್ಕಡಿ ಎಲ್ಲಿಟ್ಟಿದ್ದರು?”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಗದರಲಿಲ್ಲ. ತೆರೆದ ಪೆನ್ನಿನ ಮುಚ್ಚಳ ಹಾಕಿ ಹೇಳಿದರು: “ನಿನ್ನ ಗುರುತನ್ನು ನಂಬಿ ನಾನು ರುಜು ಹಾಕ್ತೀನಿ. ನನ್ನ ರುಜು ನಂಬಿ ಬ್ಯಾಂಕಿನವರು ಸಾಲ ಕೊಡ್ತಾರೆ. ಅದು ಊರವರು ಇಟ್ಟ ದುಡ್ಡು. ಅವರಿಗೆ ನೀನೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ.”

ಆಗ ನಾನು ಎಲ್ಲವನ್ನೂ ಹೇಳಿದೆ. ಅಂದೇ ಮಧ್ಯಾಹ್ನ, ಕಚೇರಿಯ ಹಿರಿಯ ಸಹಾಯಕರೊಬ್ಬರ ಜೊತೆ, ಮತ್ತೆ ಅಲ್ಲಿಗೆ ಹೋದೆ. ಸರಳುಗಳನ್ನು ಒಂದೊಂದು ಕಟ್ಟಾಗಿ ತೂಗಿದೆವು. ಪುಸ್ತಕದಲ್ಲಿದ್ದ ಹಿತ್ತಾಳೆಯಲ್ಲಿ ಮೂರನೆಯ ಒಂದು ಭಾಗ ನೆಲದ ಮೇಲಿರಲಿಲ್ಲ. ವರದಿಯಲ್ಲಿ ಅದು ಹಾಗೆಯೇ ದಾಖಲಾಯಿತು. ಯಜಮಾನರು ನನ್ನೊಡನೆ ಮಾತು ಬಿಟ್ಟರು. ನನ್ನ ತಂಗಿಯ ಮದುವೆಗೂ ಬರಲಿಲ್ಲ. ನಮ್ಮ ತಂದೆ ಆ ರಾತ್ರಿ ಬಹಳ ಹೊತ್ತು ಸುಮ್ಮನಿದ್ದು, ಒಂದೇ ಮಾತು ಕೇಳಿದರು: “ತೂಕ ಸರಿಯಾಗಿ ನೋಡಿದೆಯಷ್ಟೆ?”

ಫೈನಲ್ ಪರೀಕ್ಷೆಯ ಎರಡನೆಯ ಗುಂಪಿನಲ್ಲಿ ನಾನು ಎರಡು ಬಾರಿ ಸೋತೆ. ದಾಸ್ತಾನನ್ನು ಪರೀಕ್ಷಿಸುವ ಬಗೆಯನ್ನು ಪುಸ್ತಕದಿಂದ ಕಲಿತು ಬರೆಯಬಹುದಾಗಿತ್ತು. ಫೀಜು ಕಟ್ಟಿದವರ ಮುಂದೆ ತಕ್ಕಡಿ ಕೇಳುವ ಬಗೆಯನ್ನು ಯಾವ ಪತ್ರಿಕೆಯೂ ಕೇಳಲಿಲ್ಲ.

ಸಣ್ಣ ಕಾರ್ಖಾನೆಯ ಮಾತನ್ನು ದೊಡ್ಡದು ಮಾಡುತ್ತಿದ್ದೇನೆಂದು ತಾವು ಭಾವಿಸಬಾರದು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರೇ ಬರೆದುಕೊಟ್ಟಂತೆ, ಲೆಕ್ಕದಲ್ಲಿ ತೋರಿಸಿದ್ದ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಅಲ್ಲಿಯೂ ಪ್ರಶ್ನೆ ಹಿತ್ತಾಳೆಯದೇ: ಕಾಗದದಲ್ಲಿರುವುದು ನೆಲದ ಮೇಲೆ ಇದೆಯೆ? 2019ರಿಂದ ನಮ್ಮ ಪ್ರತಿಯೊಂದು ಪ್ರಮಾಣಪತ್ರಕ್ಕೂ ವರದಿಗೂ 18 ಅಂಕಿಗಳ ಪ್ರತ್ಯೇಕ ಸಂಖ್ಯೆ ಕಡ್ಡಾಯವಾಗಿದೆ. ಆ ಸಂಖ್ಯೆಯಿಂದ, ಅದು ನಿಜವಾದ ಸದಸ್ಯರು ಕೊಟ್ಟದ್ದೇ ಎಂದು ಯಾರು ಬೇಕಾದರೂ ತಿಳಿಯಬಹುದು. ರುಜು ಹಾಕಿದವರು ತೂಗಿ ನೋಡಿದ್ದರೆ ಎಂಬುದನ್ನು ಮಾತ್ರ ಆ ಸಂಖ್ಯೆ ಹೇಳಲಾರದು.

‘ರುಜು’ ನಮಗೆ ಪರಭಾಷೆಯಿಂದ ಬಂದ ಮಾತು. ನೇರ, ಪ್ರಾಮಾಣಿಕ ಎಂಬರ್ಥದ ‘ಋಜು’ ಸಂಸ್ಕೃತದ್ದು. ಇವುಗಳ ಹುಟ್ಟು ಬೇರೆ. ಆದರೆ ಕನ್ನಡದ ಕಿವಿಗೆ ಎರಡೂ ಒಂದೇ ಸದ್ದು.

ಆ ಹುಡುಗಿ ಹೊರಡುವಾಗ ಬಾಗಿಲಲ್ಲಿ ನಿಂತು, “ಸಾರ್, ಇದರಲ್ಲಿ ಯಾವುದು ತುಂಬ ಕಷ್ಟ?” ಎಂದು ಕೇಳಿದಳು. ಫೈನಲ್ ಎಂದುಬಿಟ್ಟೆ. ಮುಂದಿನ ಸಲ ಬಂದರೆ ಉತ್ತರವನ್ನು ತಿದ್ದಿ ಹೇಳಬೇಕೆಂದಿದ್ದೇನೆ.