ಶತವರ್ಷದ ಅಲೆ



ಕಡಲತಡಿಯಲ್ಲಿ ಅಲೆತಡೆಯ ಕಟ್ಟೆಯನ್ನು ನಿಲ್ಲಿಸಹೊರಟ ಶಿಲ್ಪಿಯ ಕೈಯಲ್ಲಿರುವ ಅಳತೆಗಳು ಬಹುಮಟ್ಟಿಗೆ ಇಪ್ಪತ್ತು ಮೂವತ್ತು ವರ್ಷಗಳವು. ನಾಡು ಅವನಿಂದ ಬೇಡುವ ಅಭಯವಾದರೋ ಶತಮಾನದ್ದು. ಈ ಅಂತರವನ್ನು ದಾಟಿಸುವ ಸಂಖ್ಯಾಶಾಸ್ತ್ರವೇ ಇಂದಿನ ನನ್ನ ವಿಷಯ.

ಅಲೆಗಳ ಸಾಲಿನಲ್ಲಿ ಅತ್ಯುನ್ನತವಾದ ಮೂರನೆಯ ಒಂದು ಪಾಲಿನ ಸರಾಸರಿಗೆ ಗಣನೀಯ ಎತ್ತರವೆಂದು ಹೆಸರು. ಪ್ರತಿವರ್ಷದ ಅತ್ಯಧಿಕ ಗಣನೀಯ ಎತ್ತರವನ್ನು ದಾಖಲೆಯಿಂದ ಆಯ್ದು, ಕಿರಿದರಿಂದ ಹಿರಿದಕ್ಕೆ ಜೋಡಿಸಿ, ಗುಂಬೆಲ್ಲರ ಹೆಸರಿನ ಗೆರೆಕಾಗದದ ಮೇಲೆ ಗುರುತಿಸಿದರೆ, 1928ರಲ್ಲಿ ಫಿಷರ್ ಮತ್ತು ಟಿಪ್ಪೆಟ್ ನಿರೂಪಿಸಿದ ಪರಮಮೌಲ್ಯಗಳ ನಿಯಮಗಳಲ್ಲೊಂದನ್ನು ಅನುಸರಿಸಿ ಬಿಂದುಗಳು ಹೆಚ್ಚುಕಡಮೆ ಒಂದು ಸರಳರೇಖೆಯಲ್ಲಿ ನಿಲ್ಲುವುದುಂಟು. ಆ ರೇಖೆಯನ್ನು ಕಡೆಯ ಬಿಂದುವಿನಾಚೆಗೆ ಎಳೆದು ನೂರು ವರ್ಷದ ಗೀಟಿಗೆ ಮುಟ್ಟಿಸಿದಾಗ ದೊರೆಯುವುದೇ ಶತವರ್ಷದ ಅಲೆ. ಆದರೆ ಮೇಲ್ತುದಿಯಲ್ಲಿರುವುವು ಒಂದೆರಡೇ ಬಿಂದುಗಳಾದ್ದರಿಂದ, ಅವುಗಳಲ್ಲೊಂದು ಕೊಂಚ ಸರಿದರೂ ರೇಖೆ ವಾಲುತ್ತದೆ. ಹಡ್ಸನ್ನರ ಸೂತ್ರದಂತೆ ಕಟ್ಟೆಯ ಹೊರಮೈಗೆ ಬೇಕಾದ ಬಂಡೆಯ ತೂಕವು ಅಲೆಯ ಎತ್ತರದ ಘನವನ್ನು ಅನುಸರಿಸುವುದರಿಂದ, 6 ಮೀಟರಿನ ಅಂದಾಜು 7.5 ಮೀಟರಿಗೆ ಏರಿತೆಂದರೆ ಬಂಡೆಯ ತೂಕವು ಹತ್ತಿರ ಹತ್ತಿರ ಇಮ್ಮಡಿಸುತ್ತದೆ.

ನಮ್ಮ ಅರಬ್ಬೀ ಸಮುದ್ರದಲ್ಲಿ ತೊಡಕು ಇನ್ನೂ ಒಂದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ತಪ್ಪದೆ ಎಬ್ಬಿಸುವ ಅಲೆಗಳದು ಒಂದು ಕುಲ. 2021ರ ಮೇ ತಿಂಗಳಿನಲ್ಲಿ, ಮುಂಗಾರು ಕಾಲಿಡುವ ಮುನ್ನವೇ, ಕರ್ನಾಟಕದ ಕರಾವಳಿಯನ್ನು ಬಾಧಿಸಿದ ತೌಕ್ತೆಯಂತಹ ಚಂಡಮಾರುತದ ಅಲೆಗಳದು ಇನ್ನೊಂದು. ಕಾರಣಭೇದವಿರುವ ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ಒಂದೇ ರೇಖೆಯನ್ನೆಳೆದರೆ, ವರ್ಷವರ್ಷವೂ ಬರುವ ಮುಂಗಾರಿನ ಬಾಹುಳ್ಯವು ಅಪರೂಪದ ಚಂಡಮಾರುತದ ಭೀಕರತೆಯನ್ನು ಮರೆಮಾಡಬಹುದಾದ್ದರಿಂದ, ಎರಡನ್ನೂ ಬೇರೆಬೇರೆಯಾಗಿ ಗಣಿಸಿ ಆಮೇಲೆ ಸಂಭವಗಳನ್ನು ಕೂಡಿಸುವುದು ಯುಕ್ತ.

ಶತವರ್ಷದ ಅಲೆ ಸರದಿಯಂತೆ ಬರುವ ಅತಿಥಿಯಲ್ಲ. ಯಾವುದೇ ಒಂದು ವರ್ಷದಲ್ಲಿ ಆ ಎತ್ತರವನ್ನು ಅಲೆಗಳು ಮೀರುವ ಸಂಭವ ನೂರರಲ್ಲಿ ಒಂದು. ಹಾಗಾಗಿ 50 ವರ್ಷ ಬಾಳಬೇಕಾದ ಕಟ್ಟೆಯ ಆಯುಷ್ಯದಲ್ಲಿ ಒಮ್ಮೆಯಾದರೂ ಅದನ್ನು ಮೀರುವ ಸಂಭವ ನೂರಕ್ಕೆ ಸುಮಾರು 40. ಇಷ್ಟನ್ನು ಸಹಿಸಬಹುದೆ ಎಂಬ ಪ್ರಶ್ನೆಗೆ ರೇಖೆಯಲ್ಲಿ ಉತ್ತರವಿಲ್ಲ.

ನೆದರ್ಲೆಂಡ್ಸಿನ ಜನ ಈ ಪ್ರಶ್ನೆಯನ್ನು ಶೋಕದ ನಡುವೆ ಎದುರಿಸಿದರು. 1953ರ ಜನವರಿ 31ರ ರಾತ್ರಿ ಎದ್ದ ಕಡಲು ಏರಿಗಳನ್ನೊಡೆದು ಅಲ್ಲಿ 1,836 ಮಂದಿಯನ್ನು ಬಲಿಗೊಂಡಿತು. ಹೂಕ್ ಫಾನ್ ಹಾಲೆಂಡಿನಲ್ಲಿ ನೀರು 3.85 ಮೀಟರಿಗೆ ಮುಟ್ಟಿತ್ತು. ಅನಂತರ ನೇಮಕವಾದ ಡೆಲ್ಟಾ ಆಯೋಗವು, ಯಾವ ವರ್ಷದಲ್ಲಾದರೂ ಮೀರುವ ಸಂಭವ ಹತ್ತು ಸಾವಿರದಲ್ಲಿ ಒಂದೆಂದು ಗಣಿಸಿದ 5 ಮೀಟರಿನ ಮಟ್ಟವನ್ನು ಅಲ್ಲಿಗೆ ಆಧಾರವಾಗಿಟ್ಟಿತು. ಗಣಿತಜ್ಞ ಫಾನ್ ಡಾಂಟ್ಸಿಖ್‌ರು ಏರಿಯನ್ನು ಎತ್ತರಿಸುವ ವೆಚ್ಚವನ್ನೂ ಅದು ಒಡೆದರೆ ನಿರೀಕ್ಷಿಸಬೇಕಾದ ನಷ್ಟವನ್ನೂ ಕೂಡಿಸಿ, ಮೊತ್ತವು ಕನಿಷ್ಠವಾಗುವ ಎತ್ತರವನ್ನು ಅರಸಿದರು. ಅಲ್ಲಿ ಅಳೆದದ್ದು ಬಿರುಗಾಳಿ ಉಬ್ಬಿಸಿದ ಕಡಲಿನ ಮಟ್ಟವನ್ನಾದರೂ, ಗಣನೆಯ ತರ್ಕವು ಅಲೆಗಳಿಗೂ ಸಲ್ಲುವಂಥದು.

ಸಂಭವವನ್ನು ಹೇಳುವುದು ಶಾಸ್ತ್ರದ ಕೆಲಸ; ಎಷ್ಟು ಅಪಾಯವನ್ನು ಒಪ್ಪಿ ಎಷ್ಟು ಹಣ ತೆರಬೇಕೆಂಬುದು ಕಟ್ಟೆಯ ಮರೆಯಲ್ಲಿ ಬಾಳುವವರೂ ಕೂಡಿ ಮಾಡಬೇಕಾದ ನಿರ್ಣಯ. ಆದಕಾರಣ ಯೋಜನೆಯ ವರದಿಯಲ್ಲಿ ಒಂದೇ ಸಂಖ್ಯೆಯನ್ನು ಬರೆದು ಕೈತೊಳೆದುಕೊಳ್ಳದೆ, ಅದರ ಮೇಲ್ಮಿತಿ ಕೆಳಮಿತಿಗಳನ್ನೂ ಆಯುಷ್ಯಾವಧಿಯ ಅಪಾಯವನ್ನೂ ಬಂದರಿನ ಮೀನುಗಾರನು ಓದಿ ಪ್ರಶ್ನಿಸಬಲ್ಲ ಕನ್ನಡದಲ್ಲಿ ಬರೆದಿಡಬೇಕೆಂದು ವಿನಂತಿಸುತ್ತೇನೆ.