ಮುಟ್ಟಿನ ಬಟ್ಟಲು



ಇವತ್ತು ಪಾಠದ ಪುಸ್ತಕ ತೆಗೆಯುವುದು ಬೇಡ. ಬಾಗಿಲು ಸ್ವಲ್ಪ ಮುಂದೆ ಮಾಡಿ. ಗಂಡಸರು ಕೇಳಬಾರದು ಅಂತಲ್ಲ. ಕೇಳಿದರೆ ಒಳ್ಳೆಯದೇ. ಆದರೆ ನಮಗೆ ನಮಗೇ ನಾಚಿಕೆ ಇದೆಯಲ್ಲ, ಅದು ಮೊದಲು ಹೋಗಲಿ.

ಹೋದ ವಾರ ನಿಮ್ಮಲ್ಲೇ ಒಬ್ಬರು ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡು ಬಂದಿದ್ದರು. ಎಲ್ಲರೂ ಮನೆಗೆ ಹೋಗುವವರೆಗೂ ಕಾದರು. ಆಮೇಲೆ ಗಂಟು ಬಿಚ್ಚಿ ತೋರಿಸಿದರು. ಮೆತ್ತಗಿನ ಒಂದು ಬಟ್ಟಲು. ತಲೆಕೆಳಗಾದ ಸಣ್ಣ ಗಂಟೆಯ ಹಾಗೆ ಇತ್ತು. "ಮಗಳಿಗೆ ಕಾಲೇಜಿನಲ್ಲಿ ಕೊಟ್ಟರಂತೆ. ಮುಟ್ಟಿನಲ್ಲಿ ಇದನ್ನು ಒಳಗೆ ಇಟ್ಟುಕೊಳ್ಳಬೇಕಂತೆ. ನಾನು ಕಿತ್ತುಕೊಂಡು ಬಚ್ಚಿಟ್ಟಿದ್ದೀನಿ. ಮಗು ಹಾಳಾಗೋದಿಲ್ವಾ?" ಅಂತ ಕೇಳಿದರು.

ಆ ತಾಯಿ ಕೇಳಿದ್ದು ಸರಿ. ಗೊತ್ತಿಲ್ಲದ್ದನ್ನು ಮಗಳ ಕೈಗೆ ಕೊಟ್ಟರೆ ಯಾವ ತಾಯಿಗೂ ಭಯ ಆಗುತ್ತೆ. ಅವರ ಒಪ್ಪಿಗೆ ಪಡೆದು ಆ ಮಾತನ್ನೇ ಇವತ್ತು ಎಲ್ಲರ ಮುಂದೆ ಇಡುತ್ತಿದ್ದೇವೆ.

ಇದಕ್ಕೆ ಮುಟ್ಟಿನ ಕಪ್ ಅನ್ನುತ್ತಾರೆ. ನಾವು ಬಟ್ಟಲು ಅಂತಲೇ ಕರೆಯೋಣ. 2023ರಲ್ಲಿ ನಮ್ಮ ಸರ್ಕಾರ ಚಾಮರಾಜನಗರ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಇದನ್ನು ಹಂಚಿತು. ಆ ಯೋಜನೆಗೆ 'ನನ್ನ ಮೈತ್ರಿ' ಅಂತ ಹೆಸರು. ಪಕ್ಕದ ಕೇರಳದಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು. 2019ರಲ್ಲಿ ಆಲಪ್ಪುಳ ಊರಿನಲ್ಲಿ 5,000 ಬಟ್ಟಲು ಹಂಚಿದರು. 2022ರಲ್ಲಿ ಕುಂಬಳಂಗಿ ಅನ್ನುವ ಹಳ್ಳಿಯನ್ನು ಪ್ಯಾಡ್ ಇಲ್ಲದ ಹಳ್ಳಿ ಎಂದು ಸಾರಿದರು. ಸಾರಿದ ಮಾತ್ರಕ್ಕೆ ಎಲ್ಲರೂ ಬಳಸುತ್ತಾರೆ ಅಂತ ನಾವು ಹೇಳುವುದಿಲ್ಲ. ಕಕ್ಕಸು ಕಟ್ಟಿಸಿಕೊಂಡು ಅದರಲ್ಲಿ ಸೌದೆ ತುಂಬಿದವರು ನಮ್ಮಲ್ಲೂ ಇದ್ದಾರಲ್ಲ! ವಸ್ತು ಮನೆಗೆ ಬರುವುದು ಬೇರೆ. ಕೈಗೆ ಬರುವುದು ಬೇರೆ.

ವಸ್ತು ಹೊಸದೂ ಅಲ್ಲ. ಅಮೆರಿಕದ ನಟಿ ಲಿಯೋನಾ ಚಾಲ್ಮರ್ಸ್ 1930ರ ದಶಕದಲ್ಲೇ ರಬ್ಬರಿನ ಬಟ್ಟಲು ಮಾಡಿಸಿದ್ದರು. ಈಗಿನದು ಹೆಚ್ಚಾಗಿ ಸಿಲಿಕೋನ್‌ನದು. ಅದು ಮೆತ್ತಗಿರುತ್ತೆ, ಬಿಸಿನೀರಿನಲ್ಲಿ ಕುದಿಸಬಹುದು.

ನಾವು ಹಳೇ ಸೀರೆ ಹರಿದು ಬಟ್ಟೆ ಮಾಡಿಕೊಂಡವರು. ಬಟ್ಟೆ ಕೆಟ್ಟದ್ದಲ್ಲ. ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದರೆ ಬಟ್ಟೆಯೂ ಒಳ್ಳೆಯದೇ. ಆದರೆ ಬಿಸಿಲಿಗೆ ಹಾಕುತ್ತೇವಾ? ಹೇಳಿ. ಬಚ್ಚಲ ಮೂಲೆಯಲ್ಲಿ, ಲಂಗದ ಅಡಿಯಲ್ಲಿ, ಹಸಿಹಸಿಯಾಗಿ ಒಣಗಿಸುತ್ತೇವೆ. ಅದನ್ನೇ ಮತ್ತೆ ಇಟ್ಟುಕೊಂಡು ತುರಿಕೆ, ತೊಡೆ ಸವೆತ. ಪ್ಯಾಡ್ ಬಂತು, ಸುಲಭವಾಯಿತು. ಆದರೆ ಬಿಸಾಡುವುದು ಎಲ್ಲಿ? ಹೂತರೆ ಕರಗದು. ಸುಟ್ಟರೆ ಕೆಟ್ಟ ಹೊಗೆ. ತಿಪ್ಪೆಗೆ ಎಸೆದರೆ ನಾಯಿ ಎಳೆದು ಬೀದಿಗೆ ತರುತ್ತೆ.

ಬಟ್ಟಲು ರಕ್ತವನ್ನು ಹೀರುವುದಿಲ್ಲ, ಹಿಡಿದುಕೊಳ್ಳುತ್ತೆ. ಚೆಲ್ಲಿ, ತೊಳೆದು, ಮತ್ತೆ ಇಟ್ಟುಕೊಳ್ಳಬೇಕು. ಚೆನ್ನಾಗಿ ನೋಡಿಕೊಂಡರೆ ಒಂದೇ ಬಟ್ಟಲು ಹತ್ತು ವರ್ಷ ಬರಬಹುದು. ಒಂದು ಲೆಕ್ಕ ಬರೆಯಿರಿ. ತಿಂಗಳಿಗೆ 40 ರೂಪಾಯಿ ಪ್ಯಾಡಿಗೆ ಅಂದರೆ ವರ್ಷಕ್ಕೆ 480. ಹತ್ತು ವರ್ಷಕ್ಕೆ 4,800 ರೂಪಾಯಿ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರೆ? ನೀವೇ ಕೂಡಿ.

ಈಗ ಒಳಗಿನ ದಾರಿ ನೋಡೋಣ. ಇದು ಗೊತ್ತಿಲ್ಲದೆ ಭಯ ಹೋಗುವುದಿಲ್ಲ. ನಮಗೆ ಕೆಳಗೆ ಮೂರು ದಾರಿ ಇವೆ. ಮುಂದೆ ಮೂತ್ರದ ದಾರಿ. ಹಿಂದೆ ಮಲದ ದಾರಿ. ನಡುವೆ ಮುಟ್ಟಿನ ದಾರಿ. ಮಗು ಬರುವುದೂ ಅಲ್ಲಿಂದಲೇ. ಅದೇ ಯೋನಿ. ಮೂರು ಮಕ್ಕಳು ಹೆತ್ತ ಮೇಲೂ ಮೂರು ದಾರಿ ಅಂತ ನಮ್ಮಲ್ಲಿ ಕೆಲವರಿಗೆ ಗೊತ್ತಿರಲಿಲ್ಲ. ಹೇಳಿಕೊಟ್ಟವರು ಯಾರು? ಬಟ್ಟಲು ಕೂರುವುದು ನಡುವಿನ ದಾರಿಯಲ್ಲಿ. ಅದಕ್ಕೇ ಮೂತ್ರ ಮಾಡಲು ಅದನ್ನು ತೆಗೆಯಬೇಕಿಲ್ಲ. ಆ ದಾರಿಯ ಕೊನೆಯಲ್ಲಿ ಗರ್ಭಕೋಶದ ಬಾಯಿ ಇದೆ. ಬೆರಳಿಗೆ ಅದು ಮೂಗಿನ ತುದಿಯ ಹಾಗೆ ಸಿಗುತ್ತೆ. ಅದರ ಕಂಡಿ ಬಹಳ ಸಣ್ಣದು. ಬಟ್ಟಲು ಅದನ್ನು ದಾಟಿ ಹೊಟ್ಟೆಗೆ ಹೋಗಲಾರದು. ಎಲ್ಲಿಯೂ ಕಳೆದುಹೋಗಲಾರದು.

ಕೊಳ್ಳುವಾಗ ಏನು ನೋಡಬೇಕು? ಈಗ ನಿಮಗೆ ಓದು ಬರುತ್ತೆ. ಡಬ್ಬಿಯ ಮೇಲೆ ಏನಿದೆ ಓದಿ. ಇಂಗ್ಲಿಷಿನಲ್ಲಿದ್ದರೆ ಮಕ್ಕಳ ಕೈಲಿ ಓದಿಸಿ. 'ಮೆಡಿಕಲ್ ಗ್ರೇಡ್ ಸಿಲಿಕೋನ್' ಅಂತ ಇರಬೇಕು. ತಯಾರಿಸಿದವರ ಹೆಸರು, ವಿಳಾಸ ಇರಬೇಕು. ಸಂತೆಯಲ್ಲಿ ಹೆಸರಿಲ್ಲದ್ದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅಳತೆ ಸಾಮಾನ್ಯವಾಗಿ ಮೂರು ಬಗೆ. ಸಣ್ಣದು, ನಡು, ದೊಡ್ಡದು. ಹೆರಿಗೆ ಆಗದವರಿಗೆ ಸಣ್ಣದು. ಸಹಜ ಹೆರಿಗೆ ಆದವರಿಗೆ, ಮೂವತ್ತು ದಾಟಿದವರಿಗೆ ದೊಡ್ಡದು ಅಂತ ಹೇಳುತ್ತಾರೆ. ಇದು ಅಂದಾಜು ಅಷ್ಟೇ. ಮುಟ್ಟಿನ ದಿನ ಕೈ ತೊಳೆದು ಬೆರಳಿಟ್ಟು ನೋಡಿ. ಗರ್ಭಕೋಶದ ಬಾಯಿ ಬೇಗ ಸಿಕ್ಕಿದರೆ ಗಿಡ್ಡ ಬಟ್ಟಲು ಬೇಕು. ಕೆಳಗಿನ ಕಡ್ಡಿ ಚುಚ್ಚಿದರೆ, ಬಟ್ಟಲನ್ನು ಹೊರಗೆ ತೆಗೆದು ಕಡ್ಡಿಯನ್ನು ಸ್ವಲ್ಪ ಕತ್ತರಿಸಬಹುದು. ಬಟ್ಟಲಿಗೆ ಮಾತ್ರ ಕತ್ತರಿ ತಾಗಬಾರದು.

ಹಾಕುವ ಮೊದಲು ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಉಗುರು ಕತ್ತರಿಸಿ. ಬಟ್ಟಲನ್ನು ಒತ್ತಿ ಎರಡು ಮಡಿಕೆ ಮಾಡಿ. ಕುಕ್ಕರಗಾಲಲ್ಲಿ ಕೂತು, ಮೈ ಸಡಿಲ ಬಿಟ್ಟು, ಬೆನ್ನಿನ ಕಡೆಗೆ ಓರೆಯಾಗಿ ತಳ್ಳಿ. ನೇರ ಮೇಲಕ್ಕೆ ತಳ್ಳಿದರೆ ನೋವಾಗುತ್ತೆ. ಒಳಗೆ ಹೋದ ಮೇಲೆ ಅದು ಅರಳುತ್ತೆ. ಬುಡವನ್ನು ಹಿಡಿದು ಸ್ವಲ್ಪ ತಿರುಗಿಸಿ, ಸುತ್ತ ಬೆರಳಾಡಿಸಿ ನೋಡಿ. ಮಡಿಕೆ ಉಳಿದಿದ್ದರೆ ಸೋರುತ್ತೆ. ಸರಿಯಾಗಿ ಕೂತರೆ ಅದು ಇರುವುದೇ ಗೊತ್ತಾಗದು.

ಮೊದಲ ಸಲವೇ ಸರಿಯಾಗುತ್ತೆ ಅಂದರೆ ನಾವು ಸುಳ್ಳು ಹೇಳಿದ ಹಾಗೆ. ನಮಗೆ ಯಾರಿಗೂ ಆಗಲಿಲ್ಲ. ನೀವು ಮೊದಲು 'ಅ' ಬರೆದಾಗ ಬಳಪ ಎಷ್ಟು ಸಲ ಮುರಿಯಿತು? ಹಾಗೇ ಇದೂ. ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಜೊತೆಗೆ ಒಂದು ಬಟ್ಟೆಯೂ ಇರಲಿ.

ತೆಗೆಯುವುದು ಇನ್ನೂ ಮುಖ್ಯ. ನಮ್ಮಲ್ಲೊಬ್ಬರು ಮೊದಲ ದಿನ ತೆಗೆಯಲು ಹೋಗಿ ಬೆವೆತುಹೋದರು. ಕಡ್ಡಿ ಹಿಡಿದು ಎಳೆದರೆ ಬರಲಿಲ್ಲ. ಇನ್ನು ಆಪರೇಷನ್ನೇ ಗತಿ ಅಂತ ಬಚ್ಚಲಲ್ಲೇ ಅತ್ತರು. ತಪ್ಪು ಎಲ್ಲಿತ್ತು? ಬಟ್ಟಲು ಒಳಗಿನ ಗೋಡೆಗೆ ಗಾಳಿ ಆಡದ ಹಾಗೆ ಅಂಟಿಕೊಂಡಿರುತ್ತೆ. ಎಳೆದರೆ ಬರದು. ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಮುಕ್ಕಿ. ಬುಡ ಕೈಗೆ ಸಿಗುತ್ತೆ. ಬುಡವನ್ನು ಚಿವುಟಿದ ಹಾಗೆ ಒತ್ತಿ. ಗಾಳಿ ಒಳಗೆ ಹೋಗಿ ಅದು ಬಿಡುತ್ತೆ. ಆಗ ನಿಧಾನವಾಗಿ ಹೊರಗೆ ತನ್ನಿ. ಗಾಬರಿಯಾದರೆ ಮೈ ಬಿಗಿಯುತ್ತೆ. ಆಗ ಎದ್ದು ಹೋಗಿ, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ.

ಬೆಳಿಗ್ಗೆ ಹಾಕಿ ಅರಿಶಿನದ ಹೊಲಕ್ಕೆ ಹೋದರೆ ಸಂಜೆ ಮನೆಗೆ ಬಂದು ತೆಗೆಯಬಹುದು. ಮರೆ ಹುಡುಕುವ ಕೆಲಸ ಇಲ್ಲ. ಒಂದು ಚೊಂಬು ಶುದ್ಧ ನೀರು ಸಾಕು. ಆದರೆ 12 ಗಂಟೆ ದಾಟಿಸಬೇಡಿ. ರಕ್ತ ಹೆಚ್ಚು ಹೋಗುವ ದಿನ ಇನ್ನೂ ಬೇಗ ಚೆಲ್ಲಿ. ಮುಟ್ಟು ಮುಗಿದ ಮೇಲೆ ಬೇರೆ ಪಾತ್ರೆಯಲ್ಲಿ ಐದಾರು ನಿಮಿಷ ಕುದಿಸಿ, ಒಣಗಿಸಿ, ಬಟ್ಟೆಯ ಚೀಲದಲ್ಲಿ ಇಡಿ. ಕುದಿಯುವಾಗ ಅಲ್ಲೇ ನಿಲ್ಲಿ. ಒಬ್ಬರು ಒಲೆಯ ಮೇಲೆ ಇಟ್ಟು ಎಮ್ಮೆಗೆ ಹುಲ್ಲು ಹಾಕಲು ಹೋದರು. ಬರುವಷ್ಟರಲ್ಲಿ ನೀರು ಇಂಗಿ ಬಟ್ಟಲು ತಳಕ್ಕೆ ಅಂಟಿ ಸುಟ್ಟಿತ್ತು! ಫಿನಾಯಿಲು, ವಾಸನೆಯ ಸೋಪು ಹಾಕಬೇಡಿ. ಒಬ್ಬರದ್ದು ಒಬ್ಬರು ಬಳಸಬೇಡಿ. ತಾಯಿ ಮಗಳೇ ಆದರೂ ಬೇಡ.

ಇನ್ನೊಂದು ಉಪಯೋಗ ಇದೆ. ನಮಗೆ ಅದೇ ದೊಡ್ಡದು ಅನಿಸುತ್ತೆ. ಡಾಕ್ಟರು "ಎಷ್ಟು ರಕ್ತ ಹೋಗುತ್ತೆ?" ಅಂತ ಕೇಳಿದರೆ ನಾವು "ತುಂಬಾ" ಅಂತೀವಿ. ತುಂಬಾ ಅಂದರೆ ಎಷ್ಟು? ಅಳೆದವರು ಯಾರು? ಒಂದು ಬಟ್ಟಲು ಸುಮಾರು 20ರಿಂದ 30 ಮಿಲಿ ಲೀಟರು ಹಿಡಿಯುತ್ತೆ. ಕೆಲವಕ್ಕೆ ಅಳತೆಯ ಗೆರೆಯೂ ಇದೆ. ಹೆಚ್ಚಿನವರಿಗೆ ಒಂದು ಮುಟ್ಟಿನಲ್ಲಿ, ಎಲ್ಲ ದಿನ ಸೇರಿ, ಹೋಗುವುದು 30-40 ಮಿಲಿ ಲೀಟರು. 80 ದಾಟಿದರೆ ಅದು ಹೆಚ್ಚು. ಎರಡು ಮೂರು ಗಂಟೆಗೇ ಬಟ್ಟಲು ತುಂಬುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಸುಸ್ತು, ರಕ್ತ ಕಡಿಮೆ ಅಂತ ವರ್ಷಗಟ್ಟಲೆ ನರಳುವುದು ಇದರಿಂದಲೂ ಇರಬಹುದು. ಹೋಗುವಾಗ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾರಾದರೂ ಅವಸರದಲ್ಲಿ "ಗರ್ಭಕೋಶ ತೆಗೆಸಿಬಿಡಿ" ಅಂದರೆ, ಚೀಟಿ ತೋರಿಸಿ, ಯಾಕೆ ಅಂತ ಕೇಳಿ. ಬೇರೆ ಔಷಧಿ ಇದೆಯಾ ಅಂತ ಕೇಳಿ.

ಎಲ್ಲರಿಗೂ ಇದು ಹೊಂದುವುದಿಲ್ಲ. ಕಾಪರ್-ಟಿ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಹಾಕಬೇಡಿ. ಬಟ್ಟಲು ಎಳೆಯುವಾಗ ಅದೂ ಜಾರಬಹುದು. ಬಾಣಂತಿಯರು ಬಳಸಬಾರದು. ಗರ್ಭಕೋಶ ಜಾರಿದವರು, ಕೆಟ್ಟ ವಾಸನೆಯ ಬಿಳಿ ಸೆರಗು ಇರುವವರು ಮೊದಲು ಆಸ್ಪತ್ರೆಗೆ ತೋರಿಸಿ. ಮಕ್ಕಳಾಗದ ಆಪರೇಷನ್ ಆದವರಿಗೆ ತೊಂದರೆ ಇಲ್ಲ. ಬಟ್ಟಲು ಇಟ್ಟಾಗ ಜೋರು ಜ್ವರ, ವಾಂತಿ, ತಲೆಸುತ್ತು ಬಂದರೆ ಕೂಡಲೇ ತೆಗೆದು ಆಸ್ಪತ್ರೆಗೆ ಹೋಗಿ. ಹೀಗಾಗುವುದು ಬಹಳ ಅಪರೂಪ. ಆದರೂ ತಿಳಿದಿರಲಿ.

ಮಗಳ ಮಾತಿಗೆ ಬರೋಣ. ಯೋನಿಯ ಬಾಯಲ್ಲಿ ಒಂದು ತೆಳು ಪೊರೆ ಇರುತ್ತೆ. ಬಟ್ಟಲು ಹಾಕಿದರೆ ಅದು ಹಿಗ್ಗಬಹುದು, ಹರಿಯಲೂಬಹುದು. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಆ ಪೊರೆಗೂ ಹುಡುಗಿಯ ನಡತೆಗೂ ಸಂಬಂಧವಿಲ್ಲ. ಕೆಲವರಿಗೆ ಅದು ಹುಟ್ಟಿನಿಂದಲೇ ಅಷ್ಟಾಗಿ ಇರುವುದಿಲ್ಲ. ಅದನ್ನು ನೋಡಿ ಹುಡುಗಿ ಹೇಗೆ ಅಂತ ಹೇಳಲು ಯಾವ ಡಾಕ್ಟರಿಗೂ ಆಗದು. ಹಾಗಂತ ಮಗಳಿಗೆ "ಹಾಕಿಕೋ" ಅಂತ ಒತ್ತಾಯ ಮಾಡುವುದೂ ತಪ್ಪು. ಪುಕ್ಕಟೆ ಕೊಟ್ಟರು ಅಂತ ಹಾಕಬೇಕಿಲ್ಲ. 2019ರಲ್ಲಿ ವೈದ್ಯರ ಒಂದು ಪತ್ರಿಕೆಯಲ್ಲಿ 43 ಅಧ್ಯಯನಗಳ ಲೆಕ್ಕ ಬಂತು. ಬಳಸಿ ಕಲಿತವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಮುಂದುವರಿಸುತ್ತೇವೆ ಅಂದರು. ಉಳಿದವರು ಬೇಡ ಅಂದರು. ಬೇಡ ಅಂದವರೂ ದಡ್ಡರಲ್ಲ. ಅವರ ಮೈ, ಅವರ ಇಷ್ಟ.

ಆ ತಾಯಿ ನಿನ್ನೆ ಬಂದು, "ಮಗಳಿಗೆ ವಾಪಸ್ ಕೊಟ್ಟೆ. ಬೇಕಾದರೆ ಹಾಕಿಕೋ, ಮೊದಲು ನನಗೂ ಹೇಳಿಕೊಡು ಅಂದೆ" ಅಂತ ಹೇಳಿ ನಕ್ಕರು.

ನಮ್ಮ ಹತ್ತಿರ ಮೂರು ಅಳತೆಯ ಬಟ್ಟಲು ಇವೆ. ಹೊಸವು, ಯಾರೂ ಬಳಸಿದ್ದಲ್ಲ. ಕೈಯಿಂದ ಕೈಗೆ ದಾಟಿಸಿ. ಮಡಿಸಿ ನೋಡಿ, ಒತ್ತಿ ನೋಡಿ. ಲೋಟದಲ್ಲಿ ನೀರು ಇದೆ, ತುಂಬಿ ಅಳೆಯಿರಿ. ಬಾಯಿಬಿಟ್ಟು ಕೇಳಲು ಆಗದವರು ಚೀಟಿಯಲ್ಲಿ ಬರೆದು ಈ ಡಬ್ಬಿಗೆ ಹಾಕಿ. ಹೆಸರು ಬೇಡ. ಕಾಗುಣಿತ ತಪ್ಪಾದರೂ ಪರವಾಗಿಲ್ಲ.